ಸ್ಟ್ಯಾಟಿಸ್ಟಿಕ್ಸ್ ಓದಿದ ಕೂಸು, ನಾನು ತಪ್ಪು ಬರೆದ ಸುದ್ದಿ

‘ಗಂಡಿನ ಕಡೆಯೋರು ಕೂಸು ಏನ್ ಓದವ್ಳೆ ಅಂತ ಕೇಳ್ತಾರೆ ಕಣಪ್ಪ. ಅದ್ರ ಹೆಸ್ರು ನನ್ ಬಾಯ್ಗೆ ಬರಲ್ಲ. ಅದ್ರಲ್ಲಿ ಕೆಲ್ಸ ಅನ್ನೋದು ಅದಾ ಇಲ್ವಾ, ಅದಾರು ಯೋಳು.’

ನಮ್ಮ ಬೀದಿಯ ದೊಡ್ಡಪ್ಪ ಹೀಗೆ ಕೇಳಿದಾಗ ನಾನು ಬೈಕಿನ ಮೇಲೆ ಕೂತು ಸುದ್ದಿ ಟೈಪ್ ಮಾಡುತ್ತಿದ್ದೆ. ಅವರ ಮಗಳು ಮೈಸೂರಿನ ಮಾನಸಗಂಗೋತ್ರಿಯಲ್ಲಿ ಎಂ.ಎಸ್ಸಿ. ಸಂಖ್ಯಾಶಾಸ್ತ್ರ ಮುಗಿಸಿ ಮನೆಗೆ ಬಂದು ವರ್ಷವಾಗಿತ್ತು. ‘ಬೆಂಗಳೂರಿಗೆ ಕಳಿಸಿ ದೊಡ್ಡಪ್ಪ, ಡಾಟಾ ಕೆಲಸ ಬೇಕಾದಷ್ಟಿದೆ’ ಅಂದುಬಿಟ್ಟೆ. ಯಾವ ಡಾಟಾ, ಯಾರ ಕೆಲಸ ಅಂತ ನನಗೇ ಗೊತ್ತಿರಲಿಲ್ಲ. ಪೇಪರ್‌ನವನು ಅಂದಮೇಲೆ ಏನಾದರೂ ಹೇಳಬೇಕಲ್ಲ.

ಆ ವರ್ಷ ಮಳೆ ಕೈಕೊಟ್ಟು ಹೊಲದ ರಾಗಿ ಒಣಗಿತ್ತು. ‘ಬೆಳೆ ಒಣಗಿದ ರೈತರಿಗೆಲ್ಲ ವಿಮೆ ಹಣ’ ಎಂಬರ್ಥದ ಸುದ್ದಿ ಬರೆದೆ. ಸುದ್ದಿ ಬಂದ ಮೇಲೆ ಇಬ್ಬರು ರೈತರು ಪೇಪರ್ ಕತ್ತರಿಸಿಕೊಂಡು ಬ್ಯಾಂಕಿಗೆ ಹೋಗಿ, ಅಲ್ಲಿಂದ ಸೀದಾ ನಮ್ಮ ಮನೆಗೆ ಬಂದರು. ಬೈದರು. ಬೈಸಿಕೊಂಡೆ. ಪಕ್ಕದ ಮನೆ ಜಗಲಿಯಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದ ಆ ಹುಡುಗಿ, ಅವರು ಹೋದ ಮೇಲೆ ಒಂದು ನೋಟ್‌ಬುಕ್ ಹಿಡಿದುಕೊಂಡು ಬಂದಳು. ‘ಅಣ್ಣ, ನಿಮ್ಮ ಸುದ್ದೀಲಿ ತಪ್ಪಿರೋದು ಒಂದೇ ಪದ. ರೈತರಿಗೆ ಅಲ್ಲ, ಪಂಚಾಯ್ತಿಗೆ.’

ಅವಳು ಹೇಳಿಕೊಟ್ಟಿದ್ದು ಇದು. ಫಸಲ್ ಬಿಮಾದಲ್ಲಿ ಬರಗಾಲದ ನಷ್ಟ ಎಣಿಸುವಾಗ ನಿಮ್ಮ ಹೊಲವನ್ನೊಂದೇ ನೋಡುವುದಿಲ್ಲ. ಮುಖ್ಯ ಬೆಳೆಯಾದರೆ ಇಡೀ ಗ್ರಾಮ ಪಂಚಾಯ್ತಿಯ ಸರಾಸರಿ ಇಳುವರಿ ತೆಗೆಯುತ್ತಾರೆ. ಹಿಂದಿನ 7 ವರ್ಷಗಳಲ್ಲಿ ಚೆನ್ನಾಗಿ ಬೆಳೆದ 5 ವರ್ಷಗಳ ಸರಾಸರಿ ಹಿಡಿದು, ಅದರಲ್ಲಿ ನಿಗದಿ ಮಾಡಿದಷ್ಟು ಶೇಕಡಾವನ್ನು ಗೆರೆಯಾಗಿ ಎಳೆಯುತ್ತಾರೆ. ಆ ಗೆರೆ ಎಕರೆಗೆ 10 ಕ್ವಿಂಟಲ್ ಅಂದುಕೊಳ್ಳಿ. ಈ ವರ್ಷ ಪಂಚಾಯ್ತಿ ಸರಾಸರಿ 7 ಬಂದರೆ, ವಿಮಾ ಮೊತ್ತದಲ್ಲಿ ನೂರಕ್ಕೆ 30 ಎಲ್ಲರಿಗೂ. ಸರಾಸರಿ 10 ಬಂದರೆ, ನಿಮ್ಮ ಹೊಲದಲ್ಲಿ ಒಂದು ತೆನೆ ಇಲ್ಲದಿದ್ದರೂ ಸೊನ್ನೆ.

ಆ ಸರಾಸರಿ ಎಲ್ಲಿಂದ ಬರುತ್ತದೆ? ಬೆಳೆ ಕಟಾವು ಪ್ರಯೋಗದಿಂದ. ಪಂಚಾಯ್ತಿಗೆ ಒಂದು ಬೆಳೆಗೆ ಕನಿಷ್ಠ 4 ಪ್ರಯೋಗ. ಯಾವ ಸರ್ವೆ ನಂಬರು, ಹೊಲದ ಯಾವ ಮೂಲೆ ಅನ್ನೋದನ್ನು ಲಾಟರಿ ಎತ್ತಿದ ಹಾಗೆ ಆರಿಸುತ್ತಾರೆ. ಗುರುತು ಹಾಕಿದ ಆ ಚೌಕದಲ್ಲಿ ಬೆಳೆದದ್ದನ್ನು ಕೊಯ್ದು, ಬಡಿದು, ತೂಗುತ್ತಾರೆ. ‘ನಾಕೇ ತುಂಡು ಹೊಲ ಅಣ್ಣ. ಅದ್ರಲ್ಲಿ ಒಂದನ್ನ ಇಲ್ಲಿ ಒಣಗದೆ, ಆಚೆ ಹಸಿರಾಗದೆ ಅಂತ ಬದಲಾಯಿಸಿದ್ರೆ ಸಾಕು, ಊರಿನ ಲೆಕ್ಕವೇ ವಾಲುತ್ತೆ’ ಅಂದಳು.

ನಾನು ಎಷ್ಟೋ ಸಲ ಕಟಾವು ಪ್ರಯೋಗದ ಫೋಟೊ ತೆಗೆದಿದ್ದೇನೆ, ಅಧಿಕಾರಿ ಕುಡುಗೋಲು ಹಿಡಿದು ನಿಂತಿರುವ ಮಾಮೂಲಿ ಫೋಟೊ. ಅದರ ಅರ್ಥ ತಿಳಿದದ್ದು ಅವತ್ತು. ಹಾಗೆಯೇ, ದೊಡ್ಡಪ್ಪನಿಗೆ ನಾನು ಕೊಟ್ಟ ಉತ್ತರ ಎಷ್ಟು ಪೊಳ್ಳು ಅನ್ನುವುದೂ. ಅದಾದ ಮೇಲೆ ಅವಳೂ ನಾನೂ ಕೂತು ಹುಡುಕಿದೆವು.

ಮೊದಲನೆಯದು ಈ ಕೆಲಸವೇ. ರಾಜ್ಯದ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯಕ್ಕೆ ಪ್ರತಿ ಜಿಲ್ಲೆಯಲ್ಲೂ ಕಚೇರಿ ಇದೆ. ಸಾಂಖ್ಯಿಕ ನಿರೀಕ್ಷಕರು, ಸಹಾಯಕ ಸಾಂಖ್ಯಿಕ ಅಧಿಕಾರಿಗಳ ಹುದ್ದೆ ಅಲ್ಲಿವೆ. ಅಧಿಸೂಚನೆ ಯಾವಾಗ ಬರುತ್ತದೆ ಅನ್ನೋದು ಮಾತ್ರ ನಮ್ಮ ಮಳೆಯ ಹಾಗೆ. ಕೇಂದ್ರ ಸರ್ಕಾರದಲ್ಲಿ ಕಿರಿಯ ಸಾಂಖ್ಯಿಕ ಅಧಿಕಾರಿ ಹುದ್ದೆ ಸ್ಟಾಫ್ ಸೆಲೆಕ್ಷನ್ ಕಮಿಷನ್‌ನ ಸಿಜಿಎಲ್ ಪರೀಕ್ಷೆಯಲ್ಲಿ ಬರುತ್ತದೆ. ಅದಕ್ಕೆ ಡಿಗ್ರಿಯಲ್ಲಿ ಸಂಖ್ಯಾಶಾಸ್ತ್ರ ಓದಿದ್ದರೂ ಸಾಕು.

ಎಲ್ಲಕ್ಕಿಂತ ಮೇಲಿನದು ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಸರ್ವಿಸ್. ಐಎಎಸ್ ಪರೀಕ್ಷೆ ನಡೆಸುವ ಯುಪಿಎಸ್‌ಸಿಯೇ ಇದನ್ನೂ ಪ್ರತ್ಯೇಕವಾಗಿ ನಡೆಸುತ್ತದೆ. ಪ್ರಿಲಿಮ್ಸ್ ಇಲ್ಲ. ಇಂಗ್ಲಿಷ್, ಸಾಮಾನ್ಯ ಜ್ಞಾನ, ಸಂಖ್ಯಾಶಾಸ್ತ್ರದ 4 ಪತ್ರಿಕೆ, ಆಮೇಲೆ ಸಂದರ್ಶನ. ವಯಸ್ಸು 21ರಿಂದ 30. ಪರಿಶಿಷ್ಟ ಜಾತಿ, ಪಂಗಡಕ್ಕೆ 5 ವರ್ಷ, ಹಿಂದುಳಿದ ವರ್ಗಕ್ಕೆ 3 ವರ್ಷ ಸಡಿಲಿಕೆ. ಆದರೆ ಉತ್ತರ ಇಂಗ್ಲಿಷಿನಲ್ಲೇ ಬರೆಯಬೇಕು. ಹತ್ತನೇ ತರಗತಿವರೆಗೂ ಕನ್ನಡದಲ್ಲಿ ಓದಿದ ಮಕ್ಕಳನ್ನು ತಡೆಯುವುದು ಲೆಕ್ಕವಲ್ಲ, ಈ ಗೋಡೆ. ಇದನ್ನು ಯಾರೂ ಹೇಳುವುದಿಲ್ಲ, ಅದಕ್ಕೇ ನಾನು ಹೇಳುತ್ತಿದ್ದೇನೆ.

ಪಿಯು ಉಪನ್ಯಾಸಕಿ ಆಗಬೇಕಾದರೆ ಎಂ.ಎಸ್ಸಿ. ಜೊತೆ ಬಿ.ಎಡ್. ಬೇಕು. ಡಿಗ್ರಿ ಕಾಲೇಜಿಗೆ ನೆಟ್ ಬರೆಯುವವರು ಸಂಖ್ಯಾಶಾಸ್ತ್ರ ಅಂತ ಹುಡುಕಿ ಸಿಗಲಿಲ್ಲ ಅಂತ ಕೈಬಿಡಬೇಡಿ, ಅದು ‘ಗಣಿತ ವಿಜ್ಞಾನ’ ಅನ್ನುವ ಹೆಸರಿನೊಳಗೆ ಸೇರಿಕೊಂಡಿದೆ. ಅತಿಥಿ ಉಪನ್ಯಾಸಕರ ಪಾಡು ನಿಮಗೇ ಗೊತ್ತು.

ನಮ್ಮ ಕಡೆ ಯಾರಿಗೂ ಹೊಳೆಯದ ಜಾಗ ಮೆಡಿಕಲ್ ಕಾಲೇಜು. ಸಮುದಾಯ ವೈದ್ಯಶಾಸ್ತ್ರ ವಿಭಾಗದಲ್ಲಿ ಸಂಖ್ಯಾಶಾಸ್ತ್ರ ಓದಿದವರಿಗೆ ಹುದ್ದೆ ಇರುತ್ತದೆ. ಬೆಂಗಳೂರಿನಲ್ಲಿ ಹೊಸ ಔಷಧಿಗಳ ಪರೀಕ್ಷೆಯ ಲೆಕ್ಕ ನೋಡುವ ಕಂಪನಿಗಳಿವೆ. ರಿಸರ್ವ್ ಬ್ಯಾಂಕಿನಲ್ಲಿ ಇದಕ್ಕೇ ಒಂದು ಇಲಾಖೆ ಇದೆ. ವಿಮಾ ಕಂಪನಿಗಳಲ್ಲಿ ಆಕ್ಚುವರಿ ಅಂತ ಕೆಲಸವಿದೆ, ಅದರ ಪರೀಕ್ಷೆಗಳು ಮುಗಿಯಲು ವರ್ಷಗಳೇ ಬೇಕು. ಇನ್ನು ನಾನು ಬಾಯಿಗೆ ಬಂದಂತೆ ಹೇಳಿದ ಡಾಟಾ ಕೆಲಸ. ಅದು ಇದೆ, ಸುಳ್ಳಲ್ಲ. ಆದರೆ ಬರೀ ಎಂ.ಎಸ್ಸಿ. ಅಂಕಪಟ್ಟಿ ನೋಡಿ ಕೊಡುವುದಿಲ್ಲ. ಆರ್, ಪೈಥಾನ್, ಎಸ್‌ಕ್ಯೂಎಲ್ ಬರಬೇಕು. ಆರ್ ಮತ್ತು ಪೈಥಾನ್ ಎರಡೂ ಇಂಟರ್ನೆಟ್‌ನಲ್ಲಿ ಪುಕ್ಕಟೆ. ‘ಗ್ಯಾರಂಟಿ ಕೆಲಸ’ ಅಂತ ಲಕ್ಷಗಟ್ಟಲೆ ಕೇಳುವ ಕೋರ್ಸಿಗೆ ಹಸು ಮಾರುವ ಮೊದಲು ಒಂದು ತಿಂಗಳು ಮನೆಯಲ್ಲೇ ಕೂತು ಕಲಿತು ನೋಡಿ.

ದೊಡ್ಡಪ್ಪನಿಗೆ ಇದನ್ನೆಲ್ಲ ಹೇಳಿದರೆ ತಲೆಗೆ ಹೋಗಲಿಲ್ಲ. ಸಿ.ಆರ್. ರಾವ್ ಅವರ ಕತೆ ಹೇಳಿದೆ. 1920ರಲ್ಲಿ ನಮ್ಮ ಹೂವಿನಹಡಗಲಿಯಲ್ಲಿ ಹುಟ್ಟಿದವರು. ಗಣಿತ ಓದಿ, ಸೇನೆಯ ಸರ್ವೆ ಕೆಲಸದ ಸಂದರ್ಶನಕ್ಕೆಂದು ಕಲ್ಕತ್ತಾಗೆ ಹೋದರು. ಕೆಲಸ ಸಿಗಲಿಲ್ಲ. ಅಲ್ಲೇ ಮಹಲನೋಬಿಸ್ ಕಟ್ಟಿದ್ದ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ಗೆ ಸೇರಿಕೊಂಡರು. 2023ರಲ್ಲಿ, 102ನೇ ವಯಸ್ಸಿನಲ್ಲಿ, ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಬಹುಮಾನ ಅವರಿಗೆ ಬಂತು. ದೊಡ್ಡಪ್ಪ ಕೇಳಿದ್ದು ಒಂದೇ: ‘ನೂರೆರಡು ವರ್ಸ ಕಾಯ್ಬೇಕಾ?’

ಮಗಳು ನಕ್ಕಳು. ಎರಡು ವರ್ಷ ಕೊಡಿ ಅಪ್ಪ ಅಂತ ಕೇಳಿದಳು. ಒಂದೂವರೆಗೆ ಒಪ್ಪಂದವಾಯಿತು. ಈಗ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್‌ನಲ್ಲಿ ಆರ್ ಕಲಿಯುತ್ತಾ, ಸಿಜಿಎಲ್‌ಗೆ ಓದುತ್ತಾ, ಸಂಜೆ ಪಿಯು ಮಕ್ಕಳಿಗೆ ಟ್ಯೂಷನ್ ಹೇಳುತ್ತಿದ್ದಾಳೆ. ನನ್ನ ಸುದ್ದಿಯಲ್ಲಿ ಶೇಕಡಾ ಬಂದರೆ ಮೊದಲು ಅವಳಿಗೆ ವಾಟ್ಸ್‌ಆ್ಯಪ್ ಮಾಡುತ್ತೇನೆ. ಅರ್ಧಕ್ಕರ್ಧ ತಿದ್ದಿಸಿಕೊಂಡೇ ಹೋಗುತ್ತವೆ.

ಮೊನ್ನೆ ಬೆಳಿಗ್ಗೆ ದೊಡ್ಡಪ್ಪನ ಫೋನ್. ಮೊದಲೆಲ್ಲ ಕಟಾವು ಪ್ರಯೋಗಕ್ಕೆ ಬಂದವರನ್ನು ‘ನನ್ ಪೈರು ಕುಯ್ಯೋಕೆ ನೀವ್ಯಾರು’ ಅಂತ ಬದುವಿನಿಂದಲೇ ಅಟ್ಟಿದ ಮನುಷ್ಯ.

‘ನಮ್ ಸರ್ವೆ ನಂಬ್ರು ಬಂದದಂತೆ ಕಣಪ್ಪ. ಅಳತೆಯೋರು ಬರೋಗಂಟ ಒಂದ್ ತೆನೆನೂ ಮುಟ್ಬ್ಯಾಡ ಅಂದವ್ಳೆ ಕೂಸು. ಹೊಲ್ದಲ್ಲೇ ಕಾಯ್ಕಂಡು ಕುಂತಿವ್ನಿ. ನೀನೂ ಬಾ, ಪೋಟ ತಕ್ಕೊ.’