ಕಾರ್ನರ್ ಬಿಟ್ಟುಕೊಟ್ಟ ವೇದಿಕೆ

2003ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೆ ರೋಲಿಂಗ್ ಸ್ಟೋನ್ಸ್ ಬಂದಿದ್ದರು. ಮಳೆಯಲ್ಲಿ ನೆನೆಯುತ್ತ ನಿಂತಿದ್ದ ನಮಗೆಲ್ಲ ಮಿಕ್ ಜಾಗರ್ ಓಡಾಡಿದ ಕಡೆಗೇ ಕಣ್ಣು. ಈಗ ಆ ಸಂಜೆ ನೆನೆದರೆ ನನಗೆ ಕಾಣುವುದು ಡ್ರಮ್ಸ್ ಬಾರಿಸುತ್ತಿದ್ದ ಚಾರ್ಲಿ ವಾಟ್ಸ್. ಜಾಹೀರಾತು ಕಂಪನಿಯಲ್ಲಿ ಡಿಸೈನರ್ ಆಗಿದ್ದ ಆತನನ್ನು ಬ್ಲೂಸ್ ಸಂಗೀತಕ್ಕೆ ಕರೆತಂದವರು ಅಲೆಕ್ಸಿಸ್ ಕಾರ್ನರ್. ಆ ಸಂಜೆಯ ಹೊತ್ತಿಗೆ ಕಾರ್ನರ್ ತೀರಿಕೊಂಡು ಹತ್ತೊಂಬತ್ತು ವರ್ಷ ಕಳೆದಿತ್ತು. ಅಷ್ಟು ಜನರಲ್ಲಿ ಆ ಹೆಸರು ಕೇಳಿದ್ದವರು ಎಷ್ಟಿದ್ದರೋ.

ಕಾರ್ನರ್ ಹುಟ್ಟಿದ್ದು 1928ರಲ್ಲಿ, ಪ್ಯಾರಿಸ್‌ನಲ್ಲಿ. ತಂದೆ ಆಸ್ಟ್ರಿಯಾದ ಯಹೂದಿ. ಯುದ್ಧದ ಕಾಲಕ್ಕೆ ಮನೆಯವರೆಲ್ಲ ಲಂಡನ್ ಸೇರಿದರು. ಜರ್ಮನ್ ವಿಮಾನಗಳು ಬಾಂಬ್ ಹಾಕುತ್ತಿದ್ದ ಹೊತ್ತಿನಲ್ಲೇ ಈ ಹುಡುಗ ಷಿಕಾಗೋದ ಪಿಯಾನೋ ವಾದಕ ಜಿಮ್ಮಿ ಯಾನ್ಸಿಯ ರೆಕಾರ್ಡ್ ಕೇಳಿದ. ಮುಂದಿನ ದಾರಿ ಅಲ್ಲೇ ಗೊತ್ತಾಯಿತು.

1957ರಲ್ಲಿ ಕಾರ್ನರ್ ಮತ್ತು ಸಿರಿಲ್ ಡೇವಿಸ್ ಸೋಹೋದ ವಾರ್ಡರ್ ಸ್ಟ್ರೀಟಿನ ಪಬ್ಬೊಂದರಲ್ಲಿ ಬ್ಲೂಸ್ ಕ್ಲಬ್ ನಡೆಸತೊಡಗಿದರು. ಡೇವಿಸ್‌ರದು ಹಗಲು ಕಾರುಗಳ ಟಿಂಕರಿಂಗ್ ಕೆಲಸ, ರಾತ್ರಿ ಮೌತ್ ಆರ್ಗನ್. ಅಮೆರಿಕದಿಂದ ಬಂದ ಬ್ಲೂಸ್ ಗಾಯಕರು ಕಾರ್ನರ್ ಮನೆಯ ಅಡುಗೆಮನೆಯಲ್ಲೇ ಹಾಸಿಕೊಂಡು ಮಲಗಿದ್ದುಂಟು. 1958ರಲ್ಲಿ ಅಮೆರಿಕದ ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್ ಇಂಗ್ಲೆಂಡಿಗೆ ಬಂದು ಎಲೆಕ್ಟ್ರಿಕ್ ಗಿಟಾರ್ ನುಡಿಸಿದರು. ಕೇಳುಗರಲ್ಲಿ ಹಲವರು ಬೆಚ್ಚಿದರು. ಈ ಇಬ್ಬರಿಗೆ ಮಾತ್ರ ಅದೇ ಬೇಕಾಯಿತು. ತಾವೂ ಆಂಪ್ಲಿಫಯರ್ ಹಚ್ಚಿದ ಮೇಲೆ ಪಬ್ಬಿನವರು ಜಾಗ ಖಾಲಿ ಮಾಡಿಸಿದರು.

ಆಗ ಸಿಕ್ಕಿದ್ದು ಪಶ್ಚಿಮ ಲಂಡನ್ನಿನ ಈಲಿಂಗ್‌ನಲ್ಲಿ, ರೈಲು ನಿಲ್ದಾಣದ ಎದುರು, ಟೀ ಅಂಗಡಿಯ ಕೆಳಗಿನ ನೆಲಮಾಳಿಗೆ. 1962ರ ಮಾರ್ಚ್ 17, ಶನಿವಾರ, ಇವರ 'ಬ್ಲೂಸ್ ಇನ್‌ಕಾರ್ಪೊರೇಟೆಡ್' ತಂಡ ಅಲ್ಲಿ ಮೊದಲ ಬಾರಿಗೆ ನುಡಿಸಿತು. ಕೋಣೆ ಸಣ್ಣದು, ಗಾಳಿಯಿಲ್ಲ. ಜನರ ಬೆವರು, ಉಸಿರು ಮೇಲಿನ ಗಾಜಿಗೆ ತಾಗಿ ನೀರಾಗಿ ವೇದಿಕೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಮೈಕು, ಆಂಪ್ಲಿಫಯರು ಎಲ್ಲ ಕರೆಂಟಿನವು, ಕೆಳಗೆ ಒದ್ದೆ ನೆಲ. ತಲೆಯ ಮೇಲೆ ಅಡ್ಡಲಾಗಿ ಬಟ್ಟೆ ಕಟ್ಟಿಕೊಂಡು ನುಡಿಸುತ್ತಿದ್ದರು. ಡೇವಿಸ್ ಮೌತ್ ಆರ್ಗನ್ ಊದಿದರೆ, ಕಾರ್ನರ್ ಗಿಟಾರ್ ಹಿಡಿದು ಕುರ್ಚಿಯಲ್ಲಿ ಕೂತಿರುತ್ತಿದ್ದರು.

ಕಾರ್ನರ್ ದೊಡ್ಡ ಗಿಟಾರ್ ವಾದಕರೇನಲ್ಲ. ಕಂಠ ಗೊರಗೊರ, ಅದರ ಓಡಾಟಕ್ಕೂ ಒಂದು ಮಿತಿಯಿತ್ತು. ನನ್ನ ಮಟ್ಟಿಗೆ ಅವರ ದೊಡ್ಡತನ ಇದ್ದದ್ದು ಬೇರೆ ಕಡೆ: ಯಾರು ಬಂದು ಹಾಡುತ್ತೇನೆಂದರೂ ವೇದಿಕೆ ಬಿಟ್ಟುಕೊಡುತ್ತಿದ್ದರು. ಏಪ್ರಿಲ್ 7ರಂದು ಡಾರ್ಟ್‌ಫರ್ಡ್‌ನಿಂದ ಬಂದ ಜಾಗರ್ ಮತ್ತು ಕೀತ್ ರಿಚರ್ಡ್ಸ್, ಅಲ್ಲಿ ಸ್ಲೈಡ್ ಗಿಟಾರ್ ನುಡಿಸುತ್ತಿದ್ದ ಬ್ರಯನ್ ಜೋನ್ಸ್‌ನನ್ನು ಕಂಡರು. ಜೋನ್ಸ್‌ಗೆ ಆ ಅವಕಾಶ ಕೊಟ್ಟವರೂ ಕಾರ್ನರೇ. ಕೆಲವೇ ವಾರಗಳಲ್ಲಿ ಜಾಗರ್ ಕೂಡ ಅವರ ತಂಡದ ಜೊತೆ ಹಾಡತೊಡಗಿದ. ಜುಲೈ 12ರಂದು ತಂಡಕ್ಕೆ ಬಿಬಿಸಿ ರೇಡಿಯೋದಲ್ಲಿ ಕಾರ್ಯಕ್ರಮವಿತ್ತು. ಆರು ಜನರಿಗಷ್ಟೇ ಸಂಭಾವನೆ ಎಂದದ್ದರಿಂದ ಜಾಗರ್ ಹೊರಗುಳಿದ. ಅದೇ ರಾತ್ರಿ, ಕಾರ್ನರ್ ತಂಡ ನುಡಿಸುತ್ತಿದ್ದ ಮಾರ್ಕೀ ಕ್ಲಬ್ಬಿನಲ್ಲಿ ಅವರ ಬದಲು ಜಾಗರ್, ರಿಚರ್ಡ್ಸ್, ಜೋನ್ಸ್ ಸ್ಟೋನ್ಸ್ ಹೆಸರಿನಲ್ಲಿ ಮೊದಲ ಕಛೇರಿ ನಡೆಸಿದರು. ಜ್ಯಾಕ್ ಬ್ರೂಸ್, ಜಿಂಜರ್ ಬೇಕರ್ ಸಹ ಕಾರ್ನರ್ ತಂಡದಲ್ಲಿದ್ದವರೇ. ಮುಂದೆ ಎರಿಕ್ ಕ್ಲಾಪ್ಟನ್ ಜೊತೆ 'ಕ್ರೀಮ್' ತಂಡ ಕಟ್ಟಿದರು. ಮ್ಯಾಂಚೆಸ್ಟರ್ ಕಡೆಯ ಬ್ಲೂಸ್ ಗಾಯಕ ಜಾನ್ ಮೇಯಲ್‌ಗೆ ಲಂಡನ್ನಿಗೆ ಬಾ ಎಂದು ಹುರಿದುಂಬಿಸಿದ್ದೂ ಇದೇ ಮನುಷ್ಯ.

ಕಾರ್ನರ್–ಡೇವಿಸ್ ಜೋಡಿ ಮಾತ್ರ ವರ್ಷ ತುಂಬುವುದರೊಳಗೆ ಮುರಿಯಿತು. ಕಾರ್ನರ್‌ಗೆ ಸ್ಯಾಕ್ಸೋಫೋನ್, ಜಾಝ್ ಎಲ್ಲ ಬೇಕು. ಡೇವಿಸ್‌ಗೆ ಷಿಕಾಗೋದ ಬ್ಲೂಸ್ ಬಿಟ್ಟು ಮತ್ತೇನೂ ಬೇಡ. ಬೇರೆ ತಂಡ ಕಟ್ಟಿದ ಡೇವಿಸ್ 1964ರ ಜನವರಿಯಲ್ಲಿ, ಮೂವತ್ತೆರಡು ತುಂಬುವ ಮೊದಲೇ ಹೋಗಿಬಿಟ್ಟರು. ಕಾರ್ನರ್ ಕೈಯಲ್ಲಿ ಬೆಳೆದವರು ಜಗತ್ತು ಸುತ್ತಿದರು; ಕಾರ್ನರ್ ಮಾತ್ರ ರೇಡಿಯೋ ಕಾರ್ಯಕ್ರಮ, ಜಾಹೀರಾತಿನ ದನಿ, ಸಣ್ಣಪುಟ್ಟ ಕಛೇರಿ ಎಂದುಕೊಂಡು ಬದುಕಿದರು. 1984ರ ಜನವರಿ 1ರಂದು ಶ್ವಾಸಕೋಶದ ಕ್ಯಾನ್ಸರ್‌ನಿಂದ ತೀರಿಕೊಂಡಾಗ ವಯಸ್ಸು ಐವತ್ತೈದು.

ಈಲಿಂಗ್‌ನ ಆ ಜಾಗದಲ್ಲಿ 2012ರಲ್ಲಿ ಫಲಕ ಹಾಕಿದರು. 2024ರಲ್ಲಿ ಅಮೆರಿಕದ 'ರಾಕ್ ಆ್ಯಂಡ್ ರೋಲ್ ಹಾಲ್ ಆಫ್ ಫೇಮ್' ಸಂಗೀತದ ಮೇಲೆ ಪ್ರಭಾವ ಬೀರಿದವರ ಸಾಲಿನಲ್ಲಿ ಕಾರ್ನರ್ ಮತ್ತು ಮೇಯಲ್ ಇಬ್ಬರನ್ನೂ ಸೇರಿಸಿತು. ತಡವಾಯಿತು, ಆದರೆ ಸಾಲು ಸರಿಯಾದದ್ದೇ. ಯಾನ್ಸಿಯ ಪಿಯಾನೋ ಈಗ ಫೋನಿನಲ್ಲೇ ಸಿಗುತ್ತದೆ. ಬ್ಲೂಸ್ ಇನ್‌ಕಾರ್ಪೊರೇಟೆಡ್ ತಂಡದ 1962ರ ಆಲ್ಬಮ್ 'ಆರ್ ಅಂಡ್ ಬಿ ಫ್ರಮ್ ದ ಮಾರ್ಕೀ' ಕೂಡ. ಹೆಸರು ಕ್ಲಬ್ಬಿನದಾದರೂ ಧ್ವನಿಮುದ್ರಣ ಆದದ್ದು ಡೆಕ್ಕಾ ಸ್ಟುಡಿಯೋದಲ್ಲಿ. ಒಮ್ಮೆ ಕೇಳಿ, ಡೇವಿಸ್‌ರ ಮೌತ್ ಆರ್ಗನ್‌ಗಾಗಿಯಾದರೂ.