ಊರಿಗೆ ಒಯ್ದ ದಾಸವಾಳ

ಊರಿಗೆ ಹೋಗುವುದೆಂದರೆ ಮುಂಬಯಿಯ ಕನ್ನಡಿಗನಿಗೆ ಬರಿಗೈಯಲ್ಲಿ ಹೋಗುವ ಮಾತಲ್ಲ. ರೈಲಿನ ಟಿಕೇಟು ಕೈಗೆ ಬಂದ ದಿನದಿಂದಲೇ ಮನೆಯ ಮೂಲೆಯಲ್ಲಿ ಒಂದು ಚೀಲ ಬಾಯಿ ತೆರೆದು ಕುಳಿತುಕೊಳ್ಳುತ್ತದೆ. ತಂಗಿಯ ಮಕ್ಕಳಿಗೆ ಅಂಗಿ, ನೆರೆಮನೆಯ ಅಜ್ಜಿಗೆ ಕಾಲುನೋವಿನ ಎಣ್ಣೆ, ಎಲ್ಲರಿಗೂ ಹಂಚಲು ಒಂದಿಷ್ಟು ಸಿಹಿತಿಂಡಿ, ಹೀಗೆ ಅದು ದಿನದಿನಕ್ಕೂ ತುಂಬುತ್ತದೆ. ಏನನ್ನೂ ಒಯ್ಯದೆ ಹೋದರೆ, 'ಇಷ್ಟು ವರ್ಷ ಮುಂಬಯಿಯಲ್ಲಿದ್ದು ಮಾಡಿದ್ದೇನು?' ಎಂದು ಯಾರೂ ಕೇಳುವುದಿಲ್ಲ. ಆದರೆ ಕೇಳಿದಂತೆ ನಮಗೇ ಅನ್ನಿಸುತ್ತದೆ.

ಹಾಗೆ ನಾನು ಊರಿಗೆ ಒಯ್ದ ವಸ್ತುಗಳಲ್ಲಿ ಒಂದರ ವಿಷಯವನ್ನು ಈ ವರ್ಷದ ಸಂಚಿಕೆಯಲ್ಲಿ ನಿಮಗೆ ತಿಳಿಸಬೇಕೆಂದಿದ್ದೇನೆ. ಇದು ಹೆಮ್ಮೆಪಡುವ ಸಂಗತಿಯಲ್ಲ. ಶಿಕ್ಷಕನಾದವನು ನಿಮ್ಮ ತಪ್ಪುಗಳನ್ನು ಕೆಂಪು ಶಾಯಿಯಿಂದ ಗುರುತಿಸುತ್ತಾನೆ. ತನ್ನ ತಪ್ಪಿಗೂ ಒಮ್ಮೆಯಾದರೂ ಅದೇ ಶಾಯಿಯನ್ನು ಬಳಸುವುದು ನ್ಯಾಯವಲ್ಲವೇ?

ನನ್ನ ಊರು ಕುಂದಾಪುರ ತಾಲೂಕಿನ ಒಂದು ಹಳ್ಳಿ. ಹತ್ತನೆಯ ತರಗತಿಯವರೆಗೆ ಅಲ್ಲಿಯೇ ಕನ್ನಡದಲ್ಲಿ ಓದಿ, ಹೊಟ್ಟೆಪಾಡಿಗಾಗಿ ಈ ನಗರಕ್ಕೆ ಬಂದು, ಗೋರೆಗಾಂವಿನಲ್ಲಿ ನೆಲೆಯೂರಿದವನು ನಾನು. ನಾನಿರುವ ಚಾಳಿನ ಹಿಂದೆ ಒಂದು ಮೊಳದಗಲದ ಮಣ್ಣಿನ ಪಟ್ಟಿಯಿದೆ. ಅದರಲ್ಲಿ ಎಸಳಿನೊಳಗೆ ಎಸಳು ತುಂಬಿದ ಒಂದು ಹಳದಿ ದಾಸವಾಳ ಬೆಳೆದಿತ್ತು. ಅದು ಅರಳಿದಾಗಲೆಲ್ಲ ನನಗೆ ಅಮ್ಮನ ನೆನಪು ಬರುತ್ತಿತ್ತು. ಅವಳ ಬಳಿ ಕೆಂಪು ದಾಸವಾಳವಿತ್ತು, ಬಿಳಿಯದಿತ್ತು. ಹಳದಿಯದು ಮಾತ್ರ ಇರಲಿಲ್ಲ. ನಾಲ್ಕು ವರ್ಷಗಳ ಹಿಂದೆ ಚೌತಿಗೆ ಊರಿಗೆ ಹೊರಟಾಗ, ಅದರ ಬುಡದಲ್ಲಿ ಎದ್ದಿದ್ದ ಒಂದು ಮರಿಗಿಡವನ್ನು ಮಣ್ಣುಸಹಿತ ಅಗೆದು, ಎಣ್ಣೆಯ ಹಳೆಯ ಡಬ್ಬವೊಂದಕ್ಕೆ ಇಳಿಸಿದೆನು. ಬೇರಿಗೆ ನೋವಾಗದಿರಲೆಂದು ಇನ್ನೆರಡು ಮುಷ್ಟಿ ಮಣ್ಣನ್ನು ಮೇಲೆ ತುಂಬಿದೆನು. ಆ ಮಣ್ಣಿನಲ್ಲಿ ಸಾಬಕ್ಕಿಯಂಥ ಕೆಲವು ಬಿಳಿಯ ಕಾಳುಗಳಿದ್ದವು. ಯಾರೋ ಹಾಕಿದ ಗೊಬ್ಬರವಿರಬಹುದೆಂದು ಭಾವಿಸಿ, ಗಿಡಕ್ಕೆ ಒಳ್ಳೆಯದೇ ಆಯಿತೆಂದು ಸಂತೋಷಪಟ್ಟೆನು.

ಮತ್ಸ್ಯಗಂಧಾ ರೈಲಿನಲ್ಲಿ ಆ ಡಬ್ಬವನ್ನು ಕಾಲ ಬಳಿ ಇಟ್ಟುಕೊಂಡು, ಮಗುವನ್ನು ನೋಡಿಕೊಳ್ಳುವಂತೆ ನೋಡಿಕೊಂಡು ಹೋದೆನು. ಅಮ್ಮ ಅದನ್ನು ಬಾವಿಯ ಕಟ್ಟೆಯ ಸಮೀಪದಲ್ಲಿ, ಬಸಳೆಯ ಚಪ್ಪರದ ಪಕ್ಕಕ್ಕೆ ನೆಟ್ಟಳು. ಸ್ನಾನದ ನೀರು ಹರಿದು ಬರುವ ಜಾಗ; ಗಿಡ ಬೇಗನೆ ಬೇರು ಬಿಟ್ಟಿತು.

ಮರುವರ್ಷ ಆಷಾಢದಲ್ಲಿ ಒಂದು ರಾತ್ರಿ ಅಮ್ಮ ಫೋನು ಮಾಡಿದಳು. "ಮಗಾ, ಬಸಳೆ ಬುಡಕ್ಕೆ ಎಂತದೋ ದೊಡ್ಡ ಹುಳ ಬಂದಿತ್ತ್. ಬೆಳಿಗ್ಗೆ ಎದ್ದ್ ಕಂಡ್ರೆ ಎಲೆ ಒಂದೂ ಇಲ್ಲ" ಎಂದಳು. ಮಳೆಗಾಲದಲ್ಲಿ ಹುಳುಗಳು ಬರುವುದು ಸಹಜವೆಂದು ನಾನು ಸಮಾಧಾನ ಹೇಳಿದೆನು. ಚೌತಿಗೆ ಹೋಗಿ ನೋಡಿದಾಗ ನನ್ನ ಎದೆ ಧಸಕ್ಕೆಂದಿತು. ಚಪ್ಪರದಲ್ಲಿ ಬರಿಯ ಬಳ್ಳಿಯಿತ್ತು. ಪಪ್ಪಾಯಿಯ ಕಾಂಡಕ್ಕೆ, ಬಾವಿಯ ಕಟ್ಟೆಗೆ, ಬಚ್ಚಲಿನ ಸುಣ್ಣದ ಗೋಡೆಗೆ ಬೆರಳುದ್ದದ ಕಂದು ಚಿಪ್ಪುಗಳು ಅಂಟಿಕೊಂಡಿದ್ದವು. ಅವೆಲ್ಲಕ್ಕಿಂತ ಹೆಚ್ಚಾಗಿ ಗುಂಪುಗೂಡಿದ್ದುದು ಹಳದಿ ದಾಸವಾಳದ ಬುಡದಲ್ಲಿ. ಮಣ್ಣನ್ನು ಕೆದಕಿದೆನು. ಅದೇ ಸಾಬಕ್ಕಿಯಂಥ ಕಾಳುಗಳು! ಅವು ಗೊಬ್ಬರವಲ್ಲ, ಮೊಟ್ಟೆಗಳೆಂದು ಆಗ ತಿಳಿಯಿತು.

ಆ ಹುಳು ನಿಮಗೇನೂ ಹೊಸದಲ್ಲ. ಮೊದಲ ಮಳೆ ಬಿದ್ದೊಡನೆ ಗೋರೆಗಾಂವಿನ ಕಾಂಪೌಂಡು ಗೋಡೆಗಳ ಮೇಲೆ, ಆರೇ ಕಾಲೊನಿಯ ಹಾದಿಯ ಬದಿಯಲ್ಲಿ ನೀವು ದಿನವೂ ಕಾಣುವ ದೊಡ್ಡ ಬಸವನಹುಳುವೇ ಅದು. ಕೊಂಬುಗಳಿರುವುದರಿಂದ ನಾವು ಅದನ್ನು ಬಸವ ಎಂದೆವು. ನಮ್ಮ ಮರಾಠಿ ನೆರೆಯವರು ಗೋಗಲಗಾಯ್ ಎಂದು ಹಸುವನ್ನಾಗಿಸಿದರು. ಇಷ್ಟು ಸಾಧುವಾದ ಹೆಸರುಗಳನ್ನು ಪಡೆದ ಪ್ರಾಣಿಯಿಂದ ಕೇಡಾದೀತೆಂದು ಯಾರಾದರೂ ಶಂಕಿಸುವುದುಂಟೇ? ಆದರೆ ಈ ದೊಡ್ಡ ಹುಳು ನಮ್ಮ ಹಿರಿಯರು ಹೆಸರಿಟ್ಟ ಬಸವನಹುಳುವಲ್ಲ. ಇದರ ತವರು ಪೂರ್ವ ಆಫ್ರಿಕ. ಅಲ್ಲಿಂದ ಮಾರಿಷಸ್ ದ್ವೀಪಕ್ಕೆ ಬಂದಿತು. ಚಿಪ್ಪಿನ ಜೀವಿಗಳನ್ನು ಅಭ್ಯಾಸ ಮಾಡುತ್ತಿದ್ದ ಬೆನ್ಸನ್ ಎಂಬ ಆಂಗ್ಲ ಅಧಿಕಾರಿ ೧೮೪೭ರಲ್ಲಿ ಅದನ್ನು ಮಾರಿಷಸ್ಸಿನಿಂದ ಕಲ್ಕತ್ತೆಗೆ ತಂದನು. ಅಲ್ಲಿನ ಚೌರಂಗಿಯ ಒಂದು ತೋಟದಲ್ಲಿ ಅದನ್ನು ಬಿಡಲಾಯಿತು. ತಂದವನಿಗೆ ದುರುದ್ದೇಶವೇನೂ ಇರಲಿಲ್ಲ; ಅವನದು ಕುತೂಹಲ, ನನ್ನದು ಅಮ್ಮನ ಮೇಲಿನ ಪ್ರೀತಿ. ಹುಳುವಿಗೆ ಎರಡೂ ಒಂದೇ ಆಯಿತು.

ತವರಿನಲ್ಲಿ ಈ ಹುಳುವನ್ನು ತಿಂದು ಹಿಡಿತದಲ್ಲಿಡುವ ಜೀವಿಗಳಿವೆ. ಪರದೇಶದಲ್ಲಿ ಆ ತಡೆ ಸಾಲದು. ಇವುಗಳಲ್ಲಿ ಗಂಡು ಬೇರೆ, ಹೆಣ್ಣು ಬೇರೆ ಎಂಬುದಿಲ್ಲ. ಬೆಳೆದ ಹುಳು ಪ್ರತಿಯೊಂದೂ ಮೊಟ್ಟೆಯಿಡಬಲ್ಲದು. ಒಂದು ಸಲಕ್ಕೆ ನೂರು, ಇನ್ನೂರು, ಕೆಲವೊಮ್ಮೆ ಅದಕ್ಕೂ ಹೆಚ್ಚು. ಐನೂರಕ್ಕೂ ಮಿಕ್ಕ ಬಗೆಯ ಗಿಡಗಳು ಅದಕ್ಕೆ ಆಹಾರ. ಚಿಪ್ಪು ಬೆಳೆಯಲು ಸುಣ್ಣ ಬೇಕಾದುದರಿಂದ ಸುಣ್ಣದ ಗೋಡೆಯನ್ನೂ ಕೆರೆಯುತ್ತದೆ. ಬೇಸಿಗೆ ಬಂದರೆ ಚಿಪ್ಪಿನ ಬಾಯಿ ಮುಚ್ಚಿಕೊಂಡು ತಿಂಗಳುಗಟ್ಟಲೆ ಮಲಗಿಬಿಡುತ್ತದೆ. ಸತ್ತಿತೆಂದು ನಾವು ತಿಳಿದಿರುವಾಗ ಮಳೆ ಬಂದು ಎಬ್ಬಿಸುತ್ತದೆ. ಇನ್ನೊಂದು ಮಾತನ್ನು ನೀವು ಮರೆಯಬಾರದು. ಇಲಿಗಳ ದೇಹದಲ್ಲಿರುವ ಒಂದು ಸೂಕ್ಷ್ಮ ಜಂತು ಈ ಹುಳುವಿನಲ್ಲಿಯೂ ಇರಬಲ್ಲದು. ಅದು ಮನುಷ್ಯನ ಹೊಟ್ಟೆಗೆ ಸೇರಿದರೆ ಮಿದುಳಿನ ಪೊರೆಗೆ ಬಾವು ತರುವುದುಂಟು. ಆದುದರಿಂದ ಇದನ್ನು ಬರಿಗೈಯಿಂದ ಮುಟ್ಟಿ ಆಟವಾಡುವುದು ಸಲ್ಲದು.

ಆ ಚೌತಿಯ ದಿನವೇ ನಾನು ಅಮ್ಮನಿಗೆ ನಿಜವನ್ನು ಹೇಳಿದೆನು. ಹುಳು ಬೇರೆ ದಾರಿಯಿಂದ ಬಂದಿರಬಹುದೆಂದು ಸುಮ್ಮನಿರಲು ಮನಸ್ಸು ಹವಣಿಸಿತು. ದಾಸವಾಳದ ಬುಡದ ಮಣ್ಣು ಸುಮ್ಮನಿರಗೊಡಲಿಲ್ಲ. ಅಮ್ಮ ನನ್ನನ್ನು ಬೈಯಲಿಲ್ಲ. ಆದರೆ ಹುಳುಗಳು ಅಷ್ಟರಲ್ಲಿ ಬೇಲಿ ದಾಟಿ ನೆರೆಮನೆಯ ಅಜ್ಜನ ಸೌತೆಯ ಸಾಲಿಗೆ ನುಗ್ಗಿದ್ದವು. ಅವರಿಗೂ ಹೋಗಿ ಹೇಳಿದೆನು. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ, "ಬೀಜಕ್ಕಾದರೂ ನಾಲ್ಕು ಉಳಿದಿದ್ದರೆ ಆಗಿತ್ತು" ಎಂದರು. ಆ ಮಾತು ಬೈಗುಳಕ್ಕಿಂತ ಹೆಚ್ಚಾಗಿ ತಾಗಿತು. ಆ ಸೌತೆಯ ಬೀಜವನ್ನು ಅವರ ತಾಯಿಯ ಕಾಲದಿಂದ ವರ್ಷವರ್ಷವೂ ಎತ್ತಿಟ್ಟುಕೊಂಡು ಬಂದಿದ್ದರು.

ಇಂಥ ತಪ್ಪು ಮಾಡಿದವನು ನಾನೊಬ್ಬನೇ ಅಲ್ಲವೆಂದು ತರುವಾಯ ಓದಿ ತಿಳಿದೆನು. ೧೯೬೬ರಲ್ಲಿ ಅಮೆರಿಕದ ಮಯಾಮಿ ನಗರದ ಒಬ್ಬ ಬಾಲಕ ಹವಾಯಿ ದ್ವೀಪದಿಂದ ಮರಳುವಾಗ ಇದೇ ಜಾತಿಯ ಮೂರು ಹುಳುಗಳನ್ನು ಜೊತೆಯಲ್ಲಿ ತಂದನು. ಅವನ ಅಜ್ಜಿ ಅವುಗಳನ್ನು ತೋಟದಲ್ಲಿ ಬಿಟ್ಟಳು. ಏಳು ವರ್ಷಗಳಲ್ಲಿ ಅವು ೧೮,೦೦೦ಕ್ಕೂ ಮಿಕ್ಕಿದವು. ಅವುಗಳನ್ನು ನಿರ್ಮೂಲ ಮಾಡುವಷ್ಟರಲ್ಲಿ ೧೯೭೫ ಬಂದಿತ್ತು. ಹತ್ತು ಲಕ್ಷ ಡಾಲರಿಗೂ ಹೆಚ್ಚು ಹಣ ವೆಚ್ಚವಾಗಿತ್ತು. ೨೦೧೧ರಲ್ಲಿ ಅದೇ ನಗರದಲ್ಲಿ ಮತ್ತೊಮ್ಮೆ ಕಾಣಿಸಿಕೊಂಡಾಗ, ಕೊನೆಗಾಣಿಸಲು ಇನ್ನೂ ಹತ್ತು ವರ್ಷ ಬೇಕಾಯಿತು. ಒಂದು ಮಗುವಿನ ಜೇಬಿನಲ್ಲಿ ಹಿಡಿಯುವಷ್ಟನ್ನು ಹೊರಹಾಕಲು ಒಂದು ಸರಕಾರವೇ ಹೆಣಗಬೇಕಾಯಿತೆಂಬುದನ್ನು ಗಮನಿಸಿರಿ.

ಕಣ್ಣು ತೆರೆದು ನೋಡಿದರೆ ಇಂಥವು ನಮ್ಮ ಸುತ್ತಲೂ ಇವೆ. ಆರೇ ಕಾಲೊನಿಯ ಪೊದೆಗಳಲ್ಲಿ ಹಳದಿ, ಗುಲಾಬಿ ಬಣ್ಣದ ಪುಟ್ಟ ಹೂಗೊಂಚಲುಗಳನ್ನು ಕಿತ್ತು ನೀವು ಆಡುತ್ತೀರಲ್ಲವೇ? ಮರಾಠಿಯವರು ಘಾಣೇರಿ ಎನ್ನುವ ಆ ಗಿಡ ಲಂಟಾನ. ಅಮೆರಿಕ ಖಂಡದ ಆ ಗಿಡವನ್ನು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಂದಕ್ಕಾಗಿ ನಮ್ಮ ದೇಶಕ್ಕೆ ತಂದರು. ಈಗ ಅದು ಬಂಡೀಪುರದ, ಬಿಳಿಗಿರಿರಂಗನ ಬೆಟ್ಟದ ಕಾಡುಗಳಲ್ಲಿ ಹುಲ್ಲಿಗೂ ಸಸಿಗಳಿಗೂ ಜಾಗವಿಲ್ಲದಂತೆ ಹಬ್ಬಿದೆ. ೧೯೫೫ರಲ್ಲಿ ಪುಣೆಯಲ್ಲಿ ಗುರುತಿಸಲ್ಪಟ್ಟ ಕಾಂಗ್ರೆಸ್ ಗಿಡ ಇಂದು ಕರ್ನಾಟಕದ ಯಾವ ಬಯಲಿನಲ್ಲಿಲ್ಲ? ಪವಾಯಿ ಕೆರೆಯ ನೀರನ್ನು ಮುಚ್ಚುವ ಜಲಪರ್ಣಿಯೂ ದಕ್ಷಿಣ ಅಮೆರಿಕದಿಂದ ಬಂದುದೇ. ಇವು ಯಾವುವೂ ತಾವಾಗಿ ಕಡಲು ದಾಟಿ ಬಂದವಲ್ಲ. ಮನುಷ್ಯನ ಹಡಗು, ಮನುಷ್ಯನ ಮೂಟೆ, ಮನುಷ್ಯನ ಕೈ ಇವುಗಳನ್ನು ತಂದವು.

ಈ ವಿಷಯವನ್ನು ತರಗತಿಯಲ್ಲಿ ಹೇಳುತ್ತಿದ್ದಾಗ, ವಿಜಯಪುರದ ಕಡೆಯಿಂದ ಬಂದ ಒಬ್ಬ ಹುಡುಗ ಎದ್ದು ನಿಂತನು. ಅವನ ತಂದೆ ಇಲ್ಲಿ ಕಟ್ಟಡದ ಕೆಲಸ ಮಾಡುತ್ತಾರೆ. "ಸರ್, ಹಂಗಂದ್ರ ನಾವೂ ಹೊರಗಿನಿಂದ ಬಂದವರ ಅಲ್ಲೇನ್ರಿ?" ಎಂದು ಕೇಳಿದನು. ತರಗತಿ ನಿಶ್ಶಬ್ದವಾಯಿತು. ಅವನ ಧ್ವನಿಯಲ್ಲಿ ತುಂಟತನವಿರಲಿಲ್ಲ. ಎಲ್ಲಿಯೋ ಕೇಳಿಸಿಕೊಂಡ ಮಾತಿನ ನೋವಿತ್ತು. ನನ್ನ ಬಳಿ ಆ ಕ್ಷಣಕ್ಕೆ ಸರಿಯಾದ ಉತ್ತರವಿರಲಿಲ್ಲ. ನಾಳೆ ಹೇಳುವೆನೆಂದು ಅವನನ್ನು ಕುಳ್ಳಿರಿಸಿದೆನು.

ಮರುದಿನ ನಾನು ಹೇಳಿದ್ದು ಇಷ್ಟು. ನಿಮ್ಮ ಮನೆಯ ರೊಟ್ಟಿಯ ಜೊತೆಗಿರುವ ಮೆಣಸಿನಕಾಯಿ ಐನೂರು ವರ್ಷಗಳ ಹಿಂದೆ ನಮ್ಮ ದೇಶದಲ್ಲಿರಲಿಲ್ಲ. ಆಲೂಗಡ್ಡೆ, ಟೊಮೆಟೊ, ನಮ್ಮ ಕರಾವಳಿಯ ಗೇರು, ಇವೂ ಅಮೆರಿಕ ಖಂಡದಿಂದ ಬಂದವೇ. ಇವು ನಮ್ಮ ಅಡಿಗೆಮನೆಯ ಬಂಧುಗಳಾಗಿವೆ. ಹೊರಗಿನಿಂದ ಬರುವುದು ದೋಷವಲ್ಲ. ಈ ವಿಷಯವನ್ನು ಪರಿಶೀಲಿಸಿದ ಅಂತರರಾಷ್ಟ್ರೀಯ ವಿಜ್ಞಾನಿಗಳ ಸಮಿತಿಯೊಂದು ೨೦೨೩ರಲ್ಲಿ ವರದಿ ನೀಡಿತು. ಮನುಷ್ಯರು ತಮ್ಮ ನೆಲೆಯಿಂದ ಬೇರೆಡೆಗೆ ಸಾಗಿಸಿದ ಜೀವಜಾತಿಗಳು ಲೋಕದಲ್ಲಿ ೩೭,೦೦೦ಕ್ಕೂ ಹೆಚ್ಚು. ಅವುಗಳಲ್ಲಿ ಕೇಡು ಮಾಡುವವು ೩,೫೦೦ಕ್ಕೆ ತುಸು ಮಿಕ್ಕು. ಹತ್ತರಲ್ಲಿ ಒಂದು ಮಾತ್ರ, ಇತರರಿಗೆ ಎಡೆಗೊಡದೆ ಎಲ್ಲವನ್ನೂ ತಾನೇ ಆಕ್ರಮಿಸುತ್ತದೆ. ಇನ್ನು ಮನುಷ್ಯರ ಮಾತು ಬೇರೆಯೇ. ಮನುಷ್ಯರೆಲ್ಲ ಎಲ್ಲಿದ್ದರೂ ಒಂದೇ ಜೀವಜಾತಿ. ಹುಳುವಿಗೆ ಸಲ್ಲುವ ಮಾತನ್ನು ನಿನ್ನ ತಂದೆಗೆ ಯಾರಾದರೂ ಅಂದರೆ, ಅವರಿಗೆ ಹುಳುವಿನ ವಿಷಯವೂ ತಿಳಿಯದು, ಮನುಷ್ಯನ ವಿಷಯವೂ ತಿಳಿಯದು. ಹುಳುವನ್ನು ಕೂಡ ನಾವು ದ್ವೇಷಿಸಬೇಕಾಗಿಲ್ಲ. ಅದನ್ನು ಒಯ್ಯುವ ನಮ್ಮ ಕೈಯನ್ನು ತಡೆದರೆ ಸಾಕು. ಇಷ್ಟು ಹೇಳಿದ ಮೇಲೆ ಹುಡುಗ ನಕ್ಕನು. ನನಗೂ ಮನಸ್ಸು ಹಗುರವಾಯಿತು.

ವಿದ್ಯಾರ್ಥಿ ಮಿತ್ರರೇ, ಕೈ ತಡೆಯುವುದೆಂದರೆ ದೊಡ್ಡ ಕೆಲಸವೇನಲ್ಲ. ಊರಿಗೆ ಗಿಡ ಒಯ್ಯಬೇಕೆನಿಸಿದರೆ ಬೀಜವನ್ನು ಒಯ್ಯಿರಿ, ಇಲ್ಲವೇ ಗೆಲ್ಲನ್ನು ಒಯ್ಯಿರಿ. ಇಲ್ಲಿಯ ಮಣ್ಣನ್ನು ಒಯ್ಯಬೇಡಿರಿ. ಬೇರುಸಹಿತ ಒಯ್ಯಲೇಬೇಕಾದರೆ ಮಣ್ಣೆಲ್ಲ ಹೋಗುವಂತೆ ತೊಳೆದು, ಎಲೆಯ ಅಡಿಯನ್ನೂ ನೋಡಿ ಒಯ್ಯಿರಿ. ಹುಳುಗಳು ಕಂಡಲ್ಲಿ ಮನೆಯ ಹಿರಿಯರಿಗೆ ತಿಳಿಸಿರಿ. ಸಂಜೆ ಒದ್ದೆಯಾದ ಗೋಣಿಚೀಲವನ್ನು ಹಾಸಿ, ಅದರ ಅಡಿಯಲ್ಲಿ ಪಪ್ಪಾಯಿಯ ಎಲೆಗಳನ್ನು ಇಟ್ಟರೆ ಬೆಳಿಗ್ಗೆ ಅವು ಅಲ್ಲಿ ಸೇರಿರುತ್ತವೆ. ಕೈಗವಸು ಹಾಕಿಕೊಂಡು ಹೆಕ್ಕಿ, ಗಟ್ಟಿಯಾದ ಉಪ್ಪುನೀರಿನ ಬಕೆಟಿಗೆ ಹಾಕಿ, ಬಳಿಕ ಹೂಳಬೇಕು. ಗೋಡೆಯಾಚೆಗೆ ಎಸೆದರೆ ನಮ್ಮ ಕಷ್ಟವನ್ನು ನೆರೆಯವರಿಗೆ ದಾಟಿಸಿದಂತಾಯಿತು, ಅಷ್ಟೇ. ಅಂತೆಯೇ ಮನೆಯ ಗಾಜಿನ ತೊಟ್ಟಿಯಲ್ಲಿ ಸಾಕಿದ ಪರದೇಶದ ಮೀನು, ಆಮೆಗಳು ಬೇಡವಾದಾಗ ಕರುಣೆಯಿಂದೆಂದು ಕೆರೆಗೆ ಬಿಡಬೇಡಿರಿ. ಆ ಕರುಣೆ ಕೆರೆಯ ಜೀವಿಗಳಿಗೆ ಮುಳುವಾದೀತು. ಸಣ್ಣ ಚಿಪ್ಪಿನ ನಮ್ಮ ನಾಡಿನ ಬಸವನಹುಳುಗಳನ್ನು ಮಾತ್ರ ಕೊಲ್ಲಬೇಡಿರಿ, ಅವು ಇಲ್ಲಿಯವೇ.

ಕಳೆದ ಚೌತಿಗೆ ಊರಿಗೆ ಹೋದಾಗ, ನಸುಕಿನಲ್ಲಿ ಎದ್ದು ನೋಡಿದೆನು. ಅಮ್ಮ ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು, ಟಾರ್ಚು ಹಿಡಿದು, ಬಸಳೆಯ ಬುಡದಲ್ಲಿ ಬಗ್ಗಿದ್ದಳು. ಮೂರು ಮಳೆಗಾಲಗಳಿಂದ ಅವಳ ದಿನ ಹೀಗೆಯೇ ಆರಂಭವಾಗುತ್ತದೆ. ಆ ದಿನ ಬಕೆಟಿಗೆ ಬಿದ್ದ ಹುಳುಗಳು ಇಪ್ಪತ್ತಮೂರು. ಮೊದಲ ವರ್ಷ ನೂರಕ್ಕೆ ಕಡಮೆಯಿರುತ್ತಿರಲಿಲ್ಲ. ಬೇಲಿಯಾಚೆಗೆ ಅಜ್ಜನ ಟಾರ್ಚೂ ಓಡಾಡುತ್ತಿತ್ತು. ಬೇರೆಯವರಿಂದ ಬೀಜ ತಂದು ಅವರು ಮತ್ತೆ ಸೌತೆ ಹಾಕಿದ್ದಾರೆ. ನಾನು ತಡೆಯಲಾರದೆ, "ಆ ದಾಸವಾಳವನ್ನು ಕಿತ್ತುಬಿಡುತ್ತೇನೆ ಅಮ್ಮಾ" ಎಂದೆನು.

"ಗಿಡದ್ದ್ ಎಂತ ತಪ್ಪ್ ಮಗಾ?" ಎಂದು ಅವಳು ಅರಳಿದ ಎರಡು ಹೂಗಳನ್ನು ಕೊಯ್ದು ದೇವರ ಕೋಣೆಗೆ ಒಯ್ದಳು.

ದಾಸವಾಳ ಗೆಲ್ಲಿನಿಂದಲೇ ಚಿಗುರುವ ಗಿಡ. ಒಂದು ಗೇಣು ಗೆಲ್ಲನ್ನು ಒದ್ದೆಬಟ್ಟೆಯಲ್ಲಿ ಸುತ್ತಿ ಒಯ್ದಿದ್ದರೂ ಅದೇ ಹೂವು ಅಲ್ಲಿ ಅರಳುತ್ತಿತ್ತು. ಮಣ್ಣಿನ ಅಗತ್ಯವೇ ಇರಲಿಲ್ಲ. ಅದನ್ನು ಅರಿಯಲು ನನಗೆ ಅಮ್ಮನ ಬಸಳೆಯೂ ಅಜ್ಜನ ಸೌತೆಯ ಬೀಜವೂ ತೆರಬೇಕಾದ ಬೆಲೆಯಾದವು. ನೀವು ಮುಂದಿನ ರಜೆಯಲ್ಲಿ ಊರಿಗೆ ಹೊರಡುವಾಗ ಚೀಲ ಕಟ್ಟುವ ಮೊದಲು ಇದನ್ನೊಮ್ಮೆ ನೆನೆದರೆ, ಆ ಬೆಲೆ ತೀರಾ ವ್ಯರ್ಥವಾಗಲಿಲ್ಲವೆಂದು ತಿಳಿಯುವೆನು.