ಚರ್ಲಿಷ್ ಅಂದರೆ ಯಾರು?

ಇಂಗ್ಲಿಷಿನಲ್ಲಿ ಒರಟುತನಕ್ಕೆ ಪದಗಳ ಬರವಿಲ್ಲ. ರೂಡ್, ಕರ್ಟ್, ಬ್ರಸ್ಕ್, ಸರ್ಲಿ, ಬೂರಿಷ್. ಪರೀಕ್ಷೆಗೆ ಓದುವ ಹುಡುಗರು ಇವನ್ನೆಲ್ಲ ಒಂದರ ಕೆಳಗೊಂದು ಬರೆದುಕೊಂಡು, ಎಲ್ಲಕ್ಕೂ ಸೇರಿಸಿ ಒಂದು ದೊಡ್ಡ ಕಂಸ ಎಳೆದು, ಪಕ್ಕದಲ್ಲಿ ‘ಒರಟು’ ಎಂದು ಹಾಕಿಕೊಂಡಿರುತ್ತಾರೆ. ಅಂಕಕ್ಕೆ ಅಷ್ಟು ಸಾಕು. ಪದವಿ ತರಗತಿಗಳಿಗೆ ಇಂಗ್ಲಿಷ್ ಪಾಠ ಹೇಳುವ ನನಗೆ ಮಾತ್ರ ಆ ಪಟ್ಟಿಯ ಒಂದು ಪದ ಉಳಿದವುಗಳ ಜೊತೆ ಹೊಂದಿ ಕೂರುವುದಿಲ್ಲ ಅನ್ನಿಸುತ್ತದೆ. ಅದು ‘ಚರ್ಲಿಷ್’.

ಹಳೆಯ ಇಂಗ್ಲಿಷಿನಲ್ಲಿ ‘ಚೆಯೊರ್ಲ್’ ಅಂದರೆ ಸಾಮಾನ್ಯ ರೈತ. ಗುಲಾಮನಲ್ಲ, ಸ್ವತಂತ್ರ ಮನುಷ್ಯ. ಆದರೆ ಸ್ವತಂತ್ರರ ಸಾಲಿನಲ್ಲಿ ಕಟ್ಟಕಡೆಯವನು. ವೆಸೆಕ್ಸ್ ಸೀಮೆಯ ಕಾನೂನಿನಲ್ಲಿ ಇಂಥವನೊಬ್ಬನನ್ನು ಕೊಂದರೆ ಅವನ ಮನೆಯವರಿಗೆ 200 ಶಿಲ್ಲಿಂಗ್ ತೆರಬೇಕಿತ್ತು. ಕುಲೀನನನ್ನು ಕೊಂದರೆ 1200. ಒಂದು ದೊಡ್ಡ ಜೀವಕ್ಕೆ ಆರು ರೈತರು. 1066ರಲ್ಲಿ ನಾರ್ಮನ್ನರು ದೇಶ ಗೆದ್ದ ಮೇಲೆ ಇವನ ಸ್ಥಿತಿ ಇನ್ನಷ್ಟು ಇಳಿಯಿತು, ಒಡೆಯನ ಭೂಮಿಗೆ ಕಟ್ಟುಬಿದ್ದ ಆಳಾದ. ಮನುಷ್ಯನ ಜೊತೆಗೆ ಅವನ ಹೆಸರೂ ಇಳಿಯಿತು. ‘ಚರ್ಲ್’ ಬೈಗುಳವಾಯಿತು. ತಮಾಷೆಯೆಂದರೆ ಅದೇ ಬೇರಿನ ಇನ್ನೊಂದು ಕವಲಿನಿಂದ ‘ಕಾರ್ಲ್’ ಬಂತು, ಅದರಿಂದ ‘ಚಾರ್ಲ್ಸ್’. 2023ರಲ್ಲಿ ಕಿರೀಟ ತೊಟ್ಟ ಬ್ರಿಟನ್ ದೊರೆಯ ಹೆಸರೂ ಈ ಬೈಗುಳವೂ ದಾಯಾದಿಗಳು.

ಇದೊಂದೇ ಅಲ್ಲ. ‘ಬೂರಿಷ್’ನ ಒಳಗೂ ರೈತನಿದ್ದಾನೆ, ‘ವಿಲನ್’ನ ಒಳಗೂ ಜಮೀನ್ದಾರನ ತೋಟದ ಆಳಿದ್ದಾನೆ. ನಾವೇನು ಕಡಿಮೆ? ‘ಗಮಾರ’ನ ಮೂಲದಲ್ಲಿ ಗ್ರಾಮ, ‘ನಾಗರಿಕ’ನ ಮೂಲದಲ್ಲಿ ನಗರ. ಕಾವ್ಯದೋಷಗಳ ಪಟ್ಟಿ ಮಾಡಿದ ಸಂಸ್ಕೃತದ ಪಂಡಿತರು ಒಂದು ದೋಷಕ್ಕೆ ‘ಗ್ರಾಮ್ಯ’ ಎಂದೇ ಹೆಸರಿಟ್ಟರು. ಉಳುವವರು ಯಾರೂ ನಿಘಂಟು ಬರೆಯಲಿಲ್ಲ, ಅಷ್ಟೆ.

ಆದರೆ ಚರ್ಲಿಷ್ ಪದದ ಕಥೆ ಅಲ್ಲಿಗೇ ನಿಲ್ಲುವುದಿಲ್ಲ. ಅದು ನನಗೆ ಇಷ್ಟವಾಗುವುದೂ ಅದಕ್ಕೇ. 1611ರ ಇಂಗ್ಲಿಷ್ ಬೈಬಲ್ಲಿನಲ್ಲಿ ನಾಬಾಲ ಎಂಬುವನನ್ನು ಚರ್ಲಿಷ್ ಎಂದು ಕರೆದಿದೆ. ಅವನೇನು ಬಡ ರೈತನಲ್ಲ. 3000 ಕುರಿ, 1000 ಮೇಕೆಗಳ ಒಡೆಯ. ಕುರಿಗಳ ಉಣ್ಣೆ ಕತ್ತರಿಸುವ ಹಬ್ಬದ ದಿನ, ಅವನ ಕುರುಬರಿಗೆ ಕಾವಲಾಗಿದ್ದ ದಾವೀದ ಹತ್ತು ಜನ ಹುಡುಗರನ್ನು ಕಳಿಸಿ ಏನಾದರೂ ಕೊಡಿ ಎಂದು ಕೇಳಿದರೆ, ಯಾವನೋ ದಾವೀದ ಎಂದು ಬೈದು ಬರಿಗೈಲಿ ಅಟ್ಟಿದ.

ಶೇಕ್ಸ್‌ಪಿಯರನ ‘ಆ್ಯಸ್ ಯೂ ಲೈಕ್ ಇಟ್’ನಲ್ಲೂ ಕುರಿಗಳೇ. ವೇಷ ಮರೆಸಿಕೊಂಡು ಕಾಡಿಗೆ ಬಂದ ರೋಸಲಿಂಡ್ ಮತ್ತು ಸೀಲಿಯಾ ಹಸಿದು, ಸುಸ್ತಾಗಿ, ಕೋರಿನ್ ಎಂಬ ಮುದಿ ಕುರುಬನನ್ನು ಆಶ್ರಯ ಕೇಳುತ್ತಾರೆ. ಅವನಿಗೆ ಮರುಕವೇನೋ ಇದೆ, ಕೊಡಲು ಏನೂ ಇಲ್ಲ. ತಾನು ಕೂಲಿಯವನು, ಮೇಯಿಸುವ ಕುರಿಯ ಉಣ್ಣೆ ತನ್ನದಲ್ಲ, ಒಡೆಯ ಅತಿಥಿಗಳಿಗೆ ಅನ್ನ ಇಕ್ಕಿ ಪುಣ್ಯ ಕಟ್ಟಿಕೊಳ್ಳುವ ಜಾತಿಯವನಲ್ಲ ಎಂದು ಹೇಳುತ್ತಾ ಆ ಒಡೆಯನಿಗೆ ಬಳಸುವ ಮಾತು ಇದೇ, ಚರ್ಲಿಷ್. ಕೂಲಿಯವನ ಕುಲದ ಹೆಸರಿನ ಬೈಗುಳವನ್ನು ಕೂಲಿಯವನೇ ಎತ್ತಿ ಒಡೆಯನ ಮೇಲೆ ಹಾಕಿದ್ದಾನೆ. ಪಾಠ ಮಾಡುವಾಗ ಅಲ್ಲಿ ಒಂದು ಕ್ಷಣ ನಿಲ್ಲದೆ ಮುಂದೆ ಹೋಗಲು ನನ್ನಿಂದ ಆಗುವುದಿಲ್ಲ.

ನೇಗಿಲಿಗೆ ಬಗ್ಗದ ಗಟ್ಟಿ ಮಣ್ಣಿಗೂ ಚರ್ಲಿಷ್ ಎನ್ನುವ ರೂಢಿ ಇತ್ತು. ಅದೂ ಕೊಡದ ಮಣ್ಣೇ ತಾನೆ.

ಈಗಿನ ಬಳಕೆ ಬೇರೆ. ಇಂಗ್ಲಿಷ್ ಪತ್ರಿಕೆಗಳಲ್ಲಿ ಇದು ಹೆಚ್ಚಾಗಿ ಕಾಣುವುದು ‘ಇಟ್ ವುಡ್ ಬಿ ಚರ್ಲಿಷ್ ಟು ಕಂಪ್ಲೇನ್’ ಎಂಬ ಚೌಕಟ್ಟಿನಲ್ಲಿ. ಇಷ್ಟೆಲ್ಲ ಮಾಡಿದ್ದಾರೆ, ಇನ್ನೂ ಗೊಣಗಿದರೆ ಚೆನ್ನಾಗಿರುವುದಿಲ್ಲ ಎಂದರ್ಥ. ಹುಡುಗರಿಗೆ ನಾನು ಹೀಗೆ ಹೇಳುತ್ತೇನೆ: ಬಸ್ಸಿನಲ್ಲಿ ಕಾಲು ತುಳಿದು ತಿರುಗಿಯೂ ನೋಡದವನು ರೂಡ್. ಮದುವೆ ಪಂಕ್ತಿಯಲ್ಲಿ ಕೂತು ಎಲ್ಲರಿಗೂ ಕೇಳುವಂತೆ ಹೊಲಸು ಜೋಕು ಹೇಳುವವನು ಬೂರಿಷ್. ಆ ಊಟ ಉಂಡು, ಕೈ ತೊಳೆಯುವ ಮೊದಲೇ ‘ಪಾಯಸಕ್ಕೆ ಗೋಡಂಬಿ ಸಾಲದು’ ಎಂದು ಕೊಂಕು ತೆಗೆಯುವವನು ಚರ್ಲಿಷ್. ಅಂದರೆ ಕೊಡದವನ ಹೆಗಲ ಮೇಲಿದ್ದ ಪದ, ತೆಗೆದುಕೊಳ್ಳುವವನ ಹೆಗಲಿಗೆ ದಾಟಿದೆ.

ಈ ದಾಟುವಿಕೆ ನಿಘಂಟಿನ ವಿಚಾರ ಮಾತ್ರ ಅಲ್ಲವೆಂದು ನನಗೆ ಗೊತ್ತಾದದ್ದು ಒಂದು ವಿದ್ಯಾರ್ಥಿವೇತನದ ಸಮಾರಂಭದ ಹಿಂದಿನ ದಿನ. ನಮ್ಮ ಹುಡುಗನೊಬ್ಬ ಆಯ್ಕೆಯಾಗಿದ್ದ. ಚೆನ್ನಾಗಿ ಓದುವವನು, ಮನೆಯಲ್ಲಿ ಎರಡು ಎಕರೆ ಖುಷ್ಕಿ, ಕೆಟ್ಟುಹೋದ ಕೊಳವೆಬಾವಿ. ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, ‘ಸಾರ್, ದುಡ್ಡು ಬೇಕು. ಆದ್ರೆ ಸ್ಟೇಜ್ ಹತ್ತಲ್ಲ’ ಅಂದ. ಹಿಂದಿನ ವರ್ಷ ಅವನು ಸಭಿಕರ ನಡುವೆ ಕೂತು ನೋಡಿದ್ದ. ಆಳೆತ್ತರದ ಚೆಕ್ ಹಿಡಿಸಿ ನಿಲ್ಲಿಸಿ, ಒಬ್ಬೊಬ್ಬರ ಮನೆಯ ಸಾಲ, ಅಪ್ಪನ ಕುಡಿತ, ಎಲ್ಲವನ್ನೂ ಮೈಕಿನಲ್ಲಿ ಓದಿದ್ದರು. ‘ನಮ್ಮಪ್ಪನೂ ಬತ್ತಾರೆ ಸಾರ್. ಅವರ ಎದುರಿಗೆ ಅದನ್ನೆಲ್ಲ ಓದಿಸ್ಕಂಡು ನಿಂತ್ಕಳ್ಳಾಕೆ ನನ್ ಕೈಲಿ ಆಗಲ್ಲ.’

ಬ್ಯಾಂಕ್ ಖಾತೆಗೆ ಹಾಕಿಬಿಡಿ ಎಂದು ನಾನೇ ಹೋಗಿ ಕೇಳಿದೆ. ಬಂದಿದ್ದ ಪ್ರತಿನಿಧಿ ಸಭ್ಯ ಮನುಷ್ಯ, ದನಿ ಎತ್ತಲಿಲ್ಲ. ‘ದಟ್ಸ್ ಎ ಬಿಟ್ ಚರ್ಲಿಷ್, ಡೋಂಟ್ ಯೂ ಥಿಂಕ್?’ ಎಂದು ನಕ್ಕರು. ಇಂಗ್ಲಿಷ್ ಮೇಷ್ಟರಾಗಿ ಒಪ್ಪಲೇಬೇಕು: ಪದದ ಆಯ್ಕೆ ಸರಿಯಾಗಿತ್ತು. ಈಗಿನ ಯಾವ ನಿಘಂಟು ತೆರೆದರೂ ಅವರ ಪರವೇ ಸಾಕ್ಷಿ ಹೇಳುತ್ತದೆ. ಕೋರಿನ್ ಹೇಳುವುದಿಲ್ಲ. ಹಿಡಿದುಕೊಂಡು ಫೋಟೋಗೆ ನಿಲ್ಲದಿದ್ದರೆ ಕೊಡುವುದೇ ಇಲ್ಲ ಎನ್ನುವ ಕೈಗೆ ಆ ಮುದಿ ಕುರುಬ ಯಾವ ಹೆಸರಿಡುತ್ತಿದ್ದ ಎಂದು ನನಗೆ ಅನುಮಾನವಿಲ್ಲ. ಹುಡುಗನ ಹೆಸರು ಪಟ್ಟಿಯಿಂದ ಹೋಯಿತು. ಮುಂದಿನ ಎರಡು ಸೆಮಿಸ್ಟರ್ ಅವನು ರಜೆಯ ದಿನಗಳಲ್ಲಿ ತೆಂಗಿನಕಾಯಿ ಮಂಡಿಯಲ್ಲಿ ಲೆಕ್ಕ ಬರೆದು ಫೀಸು ಕಟ್ಟಿದ.

ಆ ನಾಟಕದ ದೃಶ್ಯವನ್ನು ಹಳ್ಳಿಯಿಂದ ಬರುವ ನಮ್ಮ ಮಕ್ಕಳಿಗೆ ಅವರ ಮಾತಿನಲ್ಲೇ ಹೇಳೋಣವೆಂದು ಪ್ರತಿ ವರ್ಷ ಪ್ರಯತ್ನಿಸುತ್ತೇನೆ. ಕೋರಿನ್ನನ ಒಡೆಯನನ್ನು ‘ಒರಟ’ ಅಂದರೆ ಅನ್ನದ ವಿಚಾರ ಬಿಟ್ಟುಹೋಗುತ್ತದೆ. ‘ಜುಗ್ಗ’ ಅಂದರೆ ಬರೀ ದುಡ್ಡಿನ ಮಾತಾಗುತ್ತದೆ. ‘ಗಮಾರ’ ನನ್ನ ಬಾಯಿಂದ ಬರುವುದಿಲ್ಲ. ಕಳೆದ ವರ್ಷ ಸೋತು, ಇಂಥವನಿಗೆ ನಿಮ್ಮ ಕಡೆ ಏನಂತಾರೆ ಎಂದು ತರಗತಿಗೇ ಕೇಳಿದೆ. ಒಂದಿಬ್ಬರು ‘ದುರಹಂಕಾರಿ’ ಎಂದು ಪುಸ್ತಕದ ಮಾತು ಹೇಳಿದರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, ‘ನಮ್ಮಜ್ಜಿ ಇಂಥೋರಿಗೆ ಎಂಜಲು ಕೈಲಿ ಕಾಗೆ ಓಡಿಸದೋನು ಅಂತಾರೆ ಸಾರ್’ ಅಂದಳು. ಶೇಕ್ಸ್‌ಪಿಯರನ ಮಾತಿನಲ್ಲಿ ಕಾಗೆ ಇಲ್ಲ. ಬೋರ್ಡಿನ ಮೇಲೆ ಅದನ್ನೇ ಬರೆದೆ.